ಕೊಕ್ಕೆ ಕೆರೆಯುವ ಉಸ್ತಾ

ಶುಬ್ರಾ ಬಡಾವಣೆಯ ರೊಟ್ಟಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಕಬ್ಬಿಣದ ಗೇಟು ಕಾರ್ಖಾನೆಯ ಹಮ್ದಿ ನಿಂತಿದ್ದ. ಅವನ ಮುಂದೆ, ಹೋದ ತಿಂಗಳು ಅದೇ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಮುದಿ ಪೇಂಟರ್ ವಗೀಹ್; ಕಸುಬು ಬಲ್ಲ ಮೇಸ್ತ್ರಿಯೆಂದು ಎಲ್ಲರೂ ಅವರನ್ನು ‘ಉಸ್ತಾ’ ಅನ್ನುತ್ತಿದ್ದರು.

“ಉಸ್ತಾ, ಪುಡಿಬಣ್ಣ ಗೇಟಿಗೆ ಅಂಟ್ತಾನೇ ಇಲ್ಲ. ಎಲ್ಲಾ ನೆಲಕ್ಕೆ ಉದುರತ್ತೆ.”

“ಬಣ್ಣ ಊದೋ ಗನ್ನಿನ ಕರೆಂಟ್ ಏರಿಸಿದ್ಯಾ?”

“ಏರಿಸ್ದೆ. ಗನ್ನೂ ಬದಲಾಯಿಸ್ದೆ.”

“ಗೇಟು ನೇತುಹಾಕೋ ಕೊಕ್ಕೆ ಕೆರೆದ್ಯಾ?”

“ಕೊಕ್ಕೇನಾ? ಇಲ್ಲ.”

“ಹಳೇ ಬಣ್ಣ ಮೆತ್ತಿದ ಕೊಕ್ಕೇಲಿ ಕರೆಂಟ್ ಹರಿಯಲ್ಲ, ಗೇಟಿಗೆ ಅರ್ಥಿಂಗ್ ಸಿಗಲ್ಲ. ಅರ್ಥಿಂಗ್ ಇಲ್ದೆ ಬಣ್ಣ ಹಿಡಿಯಲ್ಲ ಕಣಪ್ಪ.”

“ನೀವು ದಿನಾ ಕೆರೀತಿದ್ರಿ…”

“ಮುದುಕ ಕೊಕ್ಕೆ ಕೆರೀತಾ ಹೊತ್ತು ಕಳೀತಾನೆ ಅಂತ ಮಾಲೀಕರಿಗೆ ನೀನೇ ಹೇಳಿದ್ಯಲ್ಲ.”

“ಈಗ ಅವರಿಗೇನು ಹೇಳ್ಲಿ, ಉಸ್ತಾ?”

“ಏನೂ ಹೇಳ್ಬೇಡ. ನಾಳೆಯಿಂದ ನೀನೂ ಹೊತ್ತು ಕಳಿ.”

ವಗೀಹ್ ಬಿಸಿ ರೊಟ್ಟಿ ತೆಗೆದುಕೊಂಡು ಹೋದರು. ಸರದಿ ಬಂದರೂ ಹಮ್ದಿ ಕೈ ಚಾಚಲಿಲ್ಲ. ನನಗೆ ಜಾಗ ಬಿಟ್ಟು ಸರಿದ.