ಉದ್ದ ತೋಳು

ಮತದಾನದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅತ್ತಿಗೆ, ಅವಳ ನಾದಿನಿ ನಿಂತಿದ್ದರು. ನಾದಿನಿ ಬಟ್ಟೆ ಹೊಲಿಯುವವಳು. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

“ಅತ್ತಿಗೆ, ಈ ಸಲ ನಮ್ಮ ಶಾಸಕರಿಗೆ ಓಟು ಹಾಕೋಕೆ ಮನಸ್ಸು ಬರ್ತಿಲ್ಲ.”

“ಏನಾಯ್ತೀಗ?”

“ಅವರ ಹೆಂಡತಿ ಬಟ್ಟೆ ಹೊಲಿಯೋದು ನಾನೇ ಅಲ್ವಾ? ಇಂಥ ಸೆಖೇಲಿ ಎಲ್ಲದಕ್ಕೂ ಉದ್ದ ತೋಳು ಇಡು ಅಂದ್ರು. ಅಳತೆ ತಗೊಳ್ಳುವಾಗ ನೋಡಿದೆ, ತೋಳಿನ ಮೇಲೆ ಐದು ಬೆರಳಿನ ಗುರುತು. ‘ಅವರಿಗೆ ಕೋಪ ಜಾಸ್ತಿ’ ಅಂದ್ರು, ಅಷ್ಟೇ.”

“ಮೆಲ್ಲಗೆ ಮಾತಾಡು. ನಿಮ್ಮಣ್ಣನಿಗೆ ಡಯಾಲಿಸಿಸ್ ಬಿಟ್ಟಿ ಆಗ್ತಿರೋದು ಯಾರಿಂದ?”

“ಅವರಿಂದಲೇ.”

“ಅವರ ಎದುರು ಚುನಾವಣೆಗೆ ನಿಂತಿರೋ ಮೇಷ್ಟ್ರು, ಬಿಟ್ಟಿ ಕೊಡೋದನ್ನೆಲ್ಲ ನಿಲ್ಲಿಸ್ತೀನಿ ಅಂತ ಹೇಳೇ ಓಟು ಕೇಳ್ತಿದಾರೆ.”

“ಮೇಷ್ಟ್ರು ಯಾರ ಮೇಲೂ ಕೈ ಎತ್ತಿದವರಲ್ಲ.”

“ದೇವರಂಥ ಮನುಷ್ಯ. ನಾನೇನು ಇಲ್ಲ ಅಂದೆನಾ?”

“ಹಾಗಾದ್ರೆ ಯಾರಿಗೆ ಹಾಕಲಿ? ನೀವೇ ಹೇಳಿ.”

“ನನ್ನನ್ನ ಕೇಳಬೇಡ. ನನಗೆ ಗಂಡ ಉಳೀಬೇಕು.”

ಸಾಲು ಮುಂದೆ ಸರಿಯಿತು. ಬಾಗಿಲಲ್ಲಿದ್ದವನು ಅತ್ತಿಗೆಯ ಚೀಟಿಗೆ ಕೈ ಚಾಚಿದ.

“ಶಾಸಕರ ಹೆಂಡತಿ ಬೆಳಿಗ್ಗೇನೇ ಬಂದು ಓಟು ಹಾಕಿಹೋದ್ರಂತೆ. ಯಾರಿಗೆ ಹಾಕಿರ್ತಾರೆ ಅತ್ತಿಗೆ?”

ಅತ್ತಿಗೆ ಚೀಟಿ ಕೊಡುವುದನ್ನೇ ಮರೆತು ಅವಳ ಮುಖ ನೋಡಿದಳು. ಬಾಗಿಲಲ್ಲಿದ್ದವನು ಗದರಿದ ಮೇಲೆ ಇಬ್ಬರೂ ಒಳಗೆ ಹೋದರು.