ಎಂಟನೇ ಮನೆ ಮತ್ತು ಕವುಚಿಟ್ಟ ಲೋಟ

ಅಧ್ಯಕ್ಷೆ ಶ್ರೀಮತಿ ಶಾಂಭವಿಯವರೇ, ಕಡಬ, ಸುಳ್ಯದ ಕಡೆಯಿಂದ ಬಸ್ಸು ಹತ್ತಿ ಬಂದ ಅತಿಥಿಗಳೇ, ಬೆಳಿಗ್ಗೆಯಿಂದ ತೆಂಗಿನಕಾಯಿ ತುರಿದು ಈಗ ಕೊನೆಯ ಸಾಲಿನಲ್ಲಿ ಕೈ ಒತ್ತಿಕೊಳ್ಳುತ್ತಿರುವ ನಮ್ಮ ನಿವಾಸಿಗಳೇ, ಸಭಿಕರೇ,

ಕಬಕದ ನಮ್ಮ ‘ನೆರೆಕರೆ’ ವಸತಿ ಸಂಘಕ್ಕೆ ಇಂದು ಆರು ವರ್ಷ. ಕಾರ್ಯದರ್ಶಿ ಮುರಳಿಕೃಷ್ಣನಾದ ನನಗೆ ವರದಿ ಓದಲು ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತು ವರ್ಷ ಪುತ್ತೂರು ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗಿದವನು ನಾನು. ಚಿಕ್ಕದಾಗಿ ಹೇಳಿ ಅಭ್ಯಾಸ. ಬಸ್ಸು ತಡವಾದ ದಿನ ಮಾತ್ರ ಮಾತು ಉದ್ದವಾಗುತ್ತಿತ್ತು.

ನಮ್ಮಲ್ಲಿ ಹನ್ನೆರಡು ಮನೆ, ಊಟಕ್ಕೆ ಒಂದೇ ಅಡುಗೆಮನೆ. ಮನೆ ಖಾಲಿಯಾದರೆ ಹೊಸಬರನ್ನು ಹೇಗೆ ಆರಿಸುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಪೇಪರಿನಲ್ಲಿ ಜಾಹೀರಾತು ಕೊಡುತ್ತೇವೆಯೇ? ಇಲ್ಲ. ಬ್ರೋಕರ್ ಉಂಟೇ? ಇಲ್ಲ. ಅರ್ಜಿ ಹಾಕಿದವರು ಏಳು ದಿನ ನಮ್ಮ ಜೊತೆ ಉಣ್ಣಬೇಕು, ಪಾತ್ರೆ ತೊಳೆಯಬೇಕು. ಏಳನೇ ದಿನ ಊಟವಾದ ಮೇಲೆ ಮನೆಗೊಬ್ಬರಂತೆ ತಮ್ಮ ಮಜ್ಜಿಗೆ ಲೋಟವನ್ನು ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಒಪ್ಪಿಗೆ ಇದ್ದವರು ನೆಟ್ಟಗೆ, ಇಲ್ಲದವರು ಬಾಯಿ ಕೆಳಗಾಗಿ ಕವುಚಿ ಇಡಬೇಕು. ಲೋಟಗಳೆಲ್ಲ ಒಂದೇ ತರದವು, ಯಾರದೆಂದು ಗೊತ್ತಾಗುವುದಿಲ್ಲ. ಕಾರಣ ಕೇಳುವಂತಿಲ್ಲ. ಆಮೇಲೆ ಅಧ್ಯಕ್ಷರು ಬಂದು ನೋಡುತ್ತಾರೆ. ಒಂದೇ ಲೋಟ ಕವುಚಿದ್ದರೂ ಅರ್ಜಿ ಬಿತ್ತು. ಅರ್ಜಿದಾರರಿಗೆ ಈ ಕ್ರಮ ಹೇಳುವುದಿಲ್ಲ.

ಎಂಟನೇ ಮನೆ ಎರಡು ವರ್ಷದಿಂದ ಖಾಲಿ. ಮೂರು ಕುಟುಂಬಗಳು ಬಂದವು, ಉಂಡವು, ಹೋದವು. ಮೂರು ಸಲವೂ ಒಂದೇ ಒಂದು ಲೋಟ ಕವುಚಿತ್ತು. ಆ ಮೂವರಲ್ಲಿ ಒಬ್ಬರು ನನ್ನ ಸ್ವಂತ ಷಡ್ಡಕ. ಅವರು ಈಗಲೂ ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ.

ಆ ಮನೆಯಲ್ಲಿ ಮೊದಲಿದ್ದವನು ಗಿರಿಧರ. ಸಂಜೆಯ ಚಹಾ ನಾವಿಬ್ಬರೂ ಅವನ ಜಗಲಿಯಲ್ಲೇ ಕುಡಿಯುತ್ತಿದ್ದುದು. ಅವನು ಮೂರು ಸಲ ಪಾತ್ರೆಯ ಸರದಿ ತಪ್ಪಿಸಿದ. ನಿಯಮ ಅಂದರೆ ನಿಯಮ. ಊಟದ ಮನೆಯ ಕರಿಹಲಗೆಯಲ್ಲಿ ‘ಎಂಟನೇ ಮನೆ, ಮೂರನೇ ತಪ್ಪು’ ಎಂದು ನಾನೇ ಬರೆದೆ. ದೊಡ್ಡ ಅಕ್ಷರದಲ್ಲಿ ಬರೆದೆ. ಅದನ್ನು ಓದಿದವನು ಆ ವಾರವೇ ಮನೆ ಬಿಟ್ಟ. ಅವನ ಕೈ ನಡುಗಲು ಸುರುವಾಗಿತ್ತು, ಪಾತ್ರೆ ಹಿಡಿದರೆ ಜಾರುತ್ತಿತ್ತು ಎಂಬುದು ಅವನು ಗುತ್ತಿಗಾರಿನ ತಂಗಿಯ ಮನೆಗೆ ಹೋದ ಮೇಲೆ ತಿಳಿಯಿತು. ಫೋನ್ ಮಾಡಿದೆನೇ? ಮಾಡಲಿಲ್ಲ. ಮನೆ ಖಾಲಿ ಇದ್ದರೆ ಒಂದು ದಿನ ಬಂದಾನು ಎಂದುಕೊಂಡೆ.

ಇದು ವರದಿಯಲ್ಲಿಲ್ಲ. ಆದರೂ ಹೇಳಿಯಾಯಿತು.

ನಾಲ್ಕನೆಯವರಾಗಿ ಬಂದವರು ಕದೀಜಮ್ಮ, ಮೊಮ್ಮಗಳು ಆಯಿಶತ್ ಶಿಫಾಳ ಜೊತೆ. ಬಾಡಿಗೆ ಮನೆಯವರು ತಿಂಗಳ ಕೊನೆಗೆ ಬಿಡಲು ಹೇಳಿದ್ದರು. ಎರಡು ಕಡೆ ಇವರ ಹೆಸರು ಕೇಳಿದ ಮೇಲೆ ಮನೆ ಇಲ್ಲ ಅಂದಿದ್ದರು. ಏಳು ದಿನವೂ ಕದೀಜಮ್ಮ ಪಾತ್ರೆಗಳನ್ನು ಫಳಫಳ ಮಾಡಿದರು. ಏಳನೇ ದಿನ ನಾನು ಕೈ ಒರೆಸಿಕೊಳ್ಳುತ್ತಾ ನಲ್ಲಿಯ ಹತ್ತಿರ ನಿಂತಿದ್ದೆ. ಅವರು ಕಟ್ಟೆಯ ಕಡೆ ನೋಡಿ, “ಇದೆಂತ ಸೆಕ್ರೆಟರಿಯವರೇ, ಯಾರೋ ಲೋಟ ಕವುಚಿ ಇಟ್ಟಿದ್ದಾರೆ? ಬಾಯಿ ಇಡುವ ಕಡೆ ಮಣ್ಣಾಗುದಿಲ್ವಾ?” ಎಂದರು. ಅದನ್ನು ತೊಳೆದರು, ನೆಟ್ಟಗೆ ಇಟ್ಟರು. ನಾನು “ಹೌದೌದು” ಎಂದೆ. ಶಾಂಭವಿಯವರು ಬಂದು ನೋಡಿದರು. ಹನ್ನೊಂದೂ ನೆಟ್ಟಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಲೋಟ ಯಾರದೆಂದು ಇನ್ನೂ ಹೇಳಬೇಕೇ? ನಾಲ್ಕು ಸಲವೂ ನನ್ನದೇ. ಅವರು ತೊಳೆಯದೇ ಇದ್ದಿದ್ದರೆ, ಮೂರನೇ ಕಡೆಯೂ ತಮ್ಮ ಹೆಸರಿಗೇ ಬಾಗಿಲು ಹಾಕಿದರು ಎಂದುಕೊಂಡು ಹೋಗುತ್ತಿದ್ದರು. ಕಾರಣ ಕೇಳುವಂತಿಲ್ಲವಲ್ಲ! ಇದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಕಳೆದ ಭಾನುವಾರ ಗುತ್ತಿಗಾರಿಗೆ ಹೋಗಿ ಗಿರಿಧರನಿಗೆ ಎಲ್ಲ ಹೇಳಿದೆ. “ನಾನಿನ್ನು ಬರುದಿಲ್ಲ ಮಾರಾಯ. ಎರಡು ವರ್ಷ ಮನೆ ಕಾದದ್ದು ಎಂತಕ್ಕೆ? ಒಂದು ಫೋನ್ ಮಾಡಿದ್ರೆ ಸಾಕಿತ್ತು” ಎಂದ. ಚಹಾ ಕೊಟ್ಟ. ಅವನ ಲೋಟವನ್ನು ಅವನ ತಂಗಿ ಹಿಡಿದುಕೊಂಡಿದ್ದರು.

ಮುಂದಿನ ಕಾರ್ಯಕ್ರಮ ಎಂಟನೇ ಮನೆಯ ಕೀಲಿಕೈ ಹಸ್ತಾಂತರ. ಅಧ್ಯಕ್ಷರೇ, ನಿಯಮದ ಪ್ರಕಾರ ಆ ಆಯ್ಕೆ ಊರ್ಜಿತವಲ್ಲ. ಇಂದಿನ ಊಟದ ಮೇಲೆ ಇನ್ನೊಮ್ಮೆ ಲೋಟ ಇಡೋಣ. ಇಟ್ಟವರು ಪಕ್ಕದಲ್ಲೇ ನಿಲ್ಲೋಣ, ಯಾರದೆಂದು ಎಲ್ಲರಿಗೂ ಕಾಣಲಿ. ನನ್ನದು ನೆಟ್ಟಗಿರುತ್ತದೆ. ಕದೀಜಮ್ಮ, ಇಂದು ನೀವು ಲೋಟ ಮುಟ್ಟಬೇಡಿ. ತೊಳೆಯುವ ಸರದಿ ನನ್ನದು. ಗಿರಿಧರನ ತಪ್ಪಿದ ಮೂರು ಸರದಿಗಳೂ ನನ್ನವೇ ಎಂದು ಕರಿಹಲಗೆಯಲ್ಲಿ ಬರೆದು ಬಂದಿದ್ದೇನೆ.

ಐದು ನಿಮಿಷ ದಾಟಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೂ, ಹಸಿವು ತಡೆದುಕೊಂಡು ಕೇಳಿದ ನಿಮಗೂ ಕೃತಜ್ಞತೆಗಳು. ಎಲೆ ಹಾಕಿ ಆಗಿದೆಯಂತೆ. ನಮಸ್ಕಾರ.