ಹಿಲ್ಕಾ ಕೂರುತ್ತಿದ್ದ ಕೌಂಟರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪುರಸಭೆಯ ಅಧ್ಯಕ್ಷರಾದ ಆಹ್ತಿ ಪೊಲ್ವಿನೆನ್ ಅವರೇ, ಮುಂದಿನ ಸಾಲಿನಲ್ಲಿರುವ ಪಾದ್ರಿಗಳೇ, ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಕಾಫಿಯ ಮೇಜು ಯಾವ ಮೂಲೆಯಲ್ಲಿದೆ ಎಂದು ಆಗಲೇ ನೋಡಿಟ್ಟುಕೊಂಡಿರುವ ಸಭಿಕರೇ,

ಬದಲಾಗುತ್ತಿರುವ ಕಾಲದಲ್ಲಿ ಗ್ರಂಥಾಲಯ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಬೇಕೆಂದು ನನಗೆ ತಿಳಿಸಲಾಗಿದೆ. ಈಗ ಮುಗಿಯುತ್ತಿರುವ ನಲವತ್ತು ವರ್ಷದ ನೌಕರಿಗೆ ಹದಿನೈದು ನಿಮಿಷ ಕಡಿಮೆಯೇನಲ್ಲ. ಕಾಲ ಬದಲಾಯಿತೇ? ಬದಲಾಯಿತು. ಗ್ರಂಥಾಲಯ ಬದಲಾಯಿತೇ? ಅದೂ ಬದಲಾಯಿತು. ನಾನು ನಮ್ಮ ಈ ಊರು ಲೆಪ್ಪಾಲಾಕ್ಕೆ ಬಂದ ವರ್ಷ ನಾವು ಪುಸ್ತಕ ಮಾತ್ರ ಕೊಡುತ್ತಿದ್ದೆವು. ಈಗ ಹೊಲಿಗೆ ಯಂತ್ರ ಕೊಡುತ್ತೇವೆ, ಹಿಮದ ಮೇಲೆ ಜಾರುವ ಸ್ಕೀ ಕೊಡುತ್ತೇವೆ, ಕೆರೆಯ ಮಂಜುಗಡ್ಡೆಗೆ ತೂತು ಕೊರೆಯುವ ಡ್ರಿಲ್ಲು ಕೊಡುತ್ತೇವೆ. ಕಳೆದ ಚಳಿಗಾಲದಲ್ಲಿ ಅತಿ ಹೆಚ್ಚು ಬೇಡಿಕೆಯಿದ್ದದ್ದು ಡ್ರಿಲ್ಲಿಗೆ. ಅದನ್ನು ಯಾರೂ ಅರ್ಧಕ್ಕೆ ಬಿಟ್ಟು ವಾಪಸು ತಂದಿಲ್ಲ.

ಇಷ್ಟನ್ನು ಹೇಳಿ ನಾನು ಕುಳಿತುಕೊಳ್ಳಬಹುದಿತ್ತು. ಆದರೆ ಬರೆದು ತಂದ ಭಾಷಣ ಇನ್ನೂ ನಾಲ್ಕು ಪುಟ ಇದೆ.

ನಾನು ಈ ಊರಿಗೆ ಬಂದಾಗ ನನಗೆ ಇಪ್ಪತ್ತೈದು ವರ್ಷ. ವಿಶ್ವವಿದ್ಯಾಲಯದ ಪದವಿ ಇತ್ತು, ಮನುಷ್ಯರ ಭಯವೂ ಇತ್ತು. ಕೆಲಸ ಕಲಿಸಿದವರು ಹಿಲ್ಕಾ ಕಾರ್ಪ್ಪಿನೆನ್. ನನಗಿಂತ ಏಳು ವರ್ಷ ದೊಡ್ಡವರು. ಅವರಿಗೆ ಪದವಿ ಇರಲಿಲ್ಲ. ಒಂದು ವರ್ಷದ ತರಬೇತಿ ಮಾತ್ರ ಆಗಿತ್ತು. ಮೊದಲ ವಾರವೇ ನಾನು ಕೌಂಟರಿನಲ್ಲಿ ನಿಂತು, ಒಬ್ಬ ಹೆಂಗಸಿಗೆ ಎಲ್ಲರಿಗೂ ಕೇಳುವ ಹಾಗೆ, "ವಿಚ್ಛೇದನದ ಕಾನೂನಿನ ಪುಸ್ತಕ ಬಂದಿದೆ" ಎಂದು ಹೇಳಿದೆ. ಆಕೆಯ ಅತ್ತೆ ಎರಡು ಹೆಜ್ಜೆ ಹಿಂದೆ ಪತ್ರಿಕೆ ಓದುತ್ತಿದ್ದರು.

ಹಿಲ್ಕಾ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. "ನೋಡಮ್ಮ ಸಿನಿಕ್ಕಾ, ಇಲ್ಲಿ ಯಾರು ಏನು ಓದ್ತಾರೆ ಅನ್ನೋದು ನಮಗೆ ಗೊತ್ತಿರುತ್ತೆ. ಗೊತ್ತಿಲ್ದೇ ಇರೋ ಥರ ಇರೋದಕ್ಕೇ ನಮಗೆ ಸಂಬಳ ಕೊಡೋದು" ಎಂದರು.

ಈ ಮಾತನ್ನು ನಾನು ಆಮೇಲೆ ಅನೇಕ ತರಬೇತಿಗಳಲ್ಲಿ ನನ್ನದೇ ಎಂಬಂತೆ ಹೇಳಿದ್ದೇನೆ.

ಎರಡು ಸಾವಿರದ ಮೂರರಲ್ಲಿ ನಾನು ಮುಖ್ಯಸ್ಥೆಯಾದೆ. ನಿಯಮದ ಪ್ರಕಾರ ಆ ಹುದ್ದೆಗೆ ಪದವಿ ಬೇಕಿತ್ತು. ಕಲಿಸಿದವರು ಕಲಿತವಳ ಕೈಕೆಳಗೆ ಬಂದರು. ಹಿಲ್ಕಾ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಊರಿನವರು ಮಾತ್ರ ಬಾಗಿಲು ತೆರೆದು ಒಳಗೆ ಬಂದ ಕೂಡಲೇ "ಹಿಲ್ಕಾ ಇದಾಳಾ?" ಎಂದು ಕೇಳುತ್ತಿದ್ದರು. ನಾನು ಎದುರಿಗೇ ನಿಂತಿದ್ದರೂ ಕೇಳುತ್ತಿದ್ದರು. ಇದನ್ನು ಮಾಹಿತಿಗಾಗಿ ಹೇಳುತ್ತಿದ್ದೇನೆ, ಅಷ್ಟೆ.

ಎರಡು ಸಾವಿರದ ಹದಿನಾಲ್ಕರ ವಸಂತದಲ್ಲಿ ಯಂತ್ರ ಬಂತು. ಕಾರ್ಡು ತೋರಿಸಿ ನಾಲ್ಕಂಕಿಯ ಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತದೆ. ಪುಸ್ತಕವನ್ನು ಯಂತ್ರದ ಪರದೆಯ ಕೆಳಗೆ ಇಟ್ಟು, ಪರದೆ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಪುಸ್ತಕ ನಿಮ್ಮದು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ. ಆಸ್ಪತ್ರೆಯ ಪಾಳಿ ಮುಗಿಸಿ ಮನೆಗೆ ಹೋಗುವ ದಾದಿ ಬೆಳಿಗ್ಗೆ ಆರೂವರೆಗೆ ಬಂದು ಪುಸ್ತಕ ಒಯ್ಯುವುದು ಅದಕ್ಕೆ ಮೊದಲು ಸಾಧ್ಯವಿತ್ತೇ? ಇರಲಿಲ್ಲ. ಯಂತ್ರವನ್ನು ನಾನು ಇಂದೂ ಬೈಯುವುದಿಲ್ಲ. ಅದು ಬಂದಾಗ ಓದುಗರಿಗಿಂತ ನನಗೇ ಹೆಚ್ಚು ನೆಮ್ಮದಿಯಾಗಿತ್ತು. ನಾನು ನನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ಅಂಕಿಅಂಶಗಳನ್ನು ನೋಡಬಹುದಿತ್ತು. ಅಂಕಿಅಂಶಗಳು ಹಿಲ್ಕಾ ಎಲ್ಲಿ ಎಂದು ಕೇಳುವುದಿಲ್ಲ.

ಕೌಂಟರನ್ನು ತೆಗೆಸಿದೆವು. ಬರ್ಚ್ ಮರದ ಒಳ್ಳೆಯ ಕೌಂಟರು. ಹರಾಜಿನಲ್ಲಿ ಪಿಜ್ಜಾ ಅಂಗಡಿಯವರು ಕೊಂಡರು. ಹಿಲ್ಕಾ ಅವರನ್ನು ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದೆವು. ಹಾಕಿದೆವು ಎಂದರೆ, ಹಾಕಿದೆ.

ಏಳನೆಯ ವಾರದಲ್ಲಿ ಅವರು ನನ್ನ ಕೋಣೆಗೆ ಬಂದರು.

"ತೌನೋ ಏಳು ವಾರದಿಂದ ಬಂದಿಲ್ಲ" ಎಂದರು.

ತೌನೋ ಕೆಂಪ್ಪೈನೆನ್ ಮರ ಕಡಿಯುವ ಕೆಲಸದಿಂದ ನಿವೃತ್ತರಾಗಿದ್ದವರು. ಆಗ ಎಪ್ಪತ್ತಾರು ವರ್ಷ, ಹೆಂಡತಿ ಲೆಂಪಿ ತೀರಿಕೊಂಡಿದ್ದರು. ಪ್ರತಿ ಗುರುವಾರ ಹತ್ತು ಗಂಟೆಗೆ ಬಂದು ಎರಡು ಪುಸ್ತಕ ಒಯ್ಯುತ್ತಿದ್ದರು.

"ಬೇಸಿಗೆ ಅಲ್ವಾ, ಮೀನು ಹಿಡಿಯೋಕೆ ಹೋಗಿರ್ತಾರೆ" ಎಂದೆ.

"ಬೇಸಿಗೇಲೂ ಬರ್ತಿದ್ದ."

"ಹಿಲ್ಕಾ, ನಮ್ಮಲ್ಲಿ ಮೂರು ಸಾವಿರ ಕಾರ್ಡುಗಳಿವೆ."

"ನಾನು ಕಾರ್ಡಿನ ವಿಷಯ ಮಾತಾಡ್ತಿಲ್ಲ" ಎಂದು ಹೇಳಿ ಹೊರಟುಹೋದರು. ಅವರಿಗೆ ಗೊತ್ತಿದ್ದ ಇನ್ನೊಂದು ವಿಷಯವನ್ನು ಹೇಳಲಿಲ್ಲ. ಗೊತ್ತಿಲ್ಲದ ಹಾಗೆ ಇರುವುದಕ್ಕೇ ಸಂಬಳ ಎಂದು ನಂಬಿದ್ದವರು ಅವರು.

ಮರುದಿನ ನಾನು ತೌನೋ ಅವರ ಮನೆಗೆ ಹೋದೆ. ಕಾಳಜಿಯಿಂದ ಹೋದೆನೆಂದು ವಾರ್ಷಿಕ ವರದಿಯಲ್ಲಿ ಬರೆದಿದ್ದೇನೆ. ನಿಜವಾಗಿ, ಹಿಲ್ಕಾ ಹೇಳಿದ್ದು ತಪ್ಪೆಂದು ತೋರಿಸಲು ಹೋಗಿದ್ದೆ. ಯಂತ್ರ ಬಳಸುವ ಕ್ರಮವನ್ನು ದಪ್ಪಕ್ಷರದಲ್ಲಿ ಮುದ್ರಿಸಿದ ಕರಪತ್ರವನ್ನೂ ಒಯ್ದಿದ್ದೆ.

ಅವರು ಕಿಟಕಿಯ ಬಳಿ ಕುಳಿತು ಮೀನಿನ ಗಾಳಕ್ಕೆ, ಹುಳುವಿನಂತೆ ಕಾಣಲೆಂದು, ಗರಿ ಕಟ್ಟುತ್ತಿದ್ದರು. ಅಕ್ಕಿಕಾಳಿನಷ್ಟು ಸಣ್ಣ ಗಾಳ, ಕೂದಲಿನಂಥ ದಾರ. ಕಾಫಿ ಬಗ್ಗಿಸಿಕೊಟ್ಟರು. ಯಾಕೆ ಬರುತ್ತಿಲ್ಲ ಎಂದು ಕೇಳಿದೆ.

"ಕಣ್ಣು ಮಂಜಾಗಿದೆ ಕಣಮ್ಮ. ಓದೋಕಾಗಲ್ಲ."

"ಈ ದಾರ ಕಾಣೋ ಕಣ್ಣಿಗೆ ಅಕ್ಷರ ಕಾಣಲ್ವಾ?" ಎಂದು ನಾನು ತಮಾಷೆ ಮಾಡಿದೆ. ನನಗೆ ತಮಾಷೆ ಮಾಡಲು ಬರುವುದಿಲ್ಲ ಎನ್ನುವುದು ನಿಮಗೆಲ್ಲ ಗೊತ್ತಿದೆ.

ಅವರು ಗಾಳವನ್ನು ಕೆಳಗಿಟ್ಟರು. "ದಾರ ಕಾಣ್ಸುತ್ತೆ. ಅಕ್ಷರಾನೂ ಕಾಣ್ಸುತ್ತೆ. ಅದು ಏನು ಹೇಳುತ್ತೆ ಅಂತ ಗೊತ್ತಾಗಲ್ಲ, ಅಷ್ಟೆ" ಎಂದರು.

ಶಾಲೆಯಲ್ಲಿ ಅಕ್ಷರಗಳು ಅವರ ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ; ಮೇಷ್ಟರು ಸೋಮಾರಿ ಎಂದು ಹಿಂದಿನ ಬೆಂಚಿಗೆ ಕಳಿಸಿದರು. ಆಮೇಲೆ ಕಾಡಿನ ಕೆಲಸಕ್ಕೆ ಓದು ಬೇಕಾಗಲಿಲ್ಲ. ಮದುವೆಯಾದ ಮೇಲೆ ಲೆಂಪಿ ದಿನವೂ ಸಂಜೆ ಓದಿ ಹೇಳುತ್ತಿದ್ದರು. ಅವರು ಹೋದ ಮೇಲೆ ಹಿಲ್ಕಾ ಹೇಳುತ್ತಿದ್ದರು. ಗುರುವಾರ ಹತ್ತು ಗಂಟೆಗೆ ಜನವಿರುತ್ತಿರಲಿಲ್ಲ. ಹಿಲ್ಕಾ ಕೌಂಟರಿನ ಆಚೆ ಕುಳಿತು, ತೌನೋ ಈಚೆ ನಿಂತು, ಒಂದು ಪುಸ್ತಕದ ಕಥೆ. ಎಂಟು ವರ್ಷ ನನ್ನ ಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಇದು ನಡೆದಿತ್ತು. ಹಿಲ್ಕಾ ಹರಟೆ ಹೊಡೆಯುತ್ತಾರೆಂದು ನಾನು ಒಮ್ಮೆ ಲಿಖಿತ ಸೂಚನೆಯನ್ನೂ ಕೊಟ್ಟಿದ್ದೆ.

"ಮತ್ತೆ ಪುಸ್ತಕ ಯಾಕೆ ತಗೊಂಡು ಹೋಗ್ತಿದ್ರಿ?"

"ಲೈಬ್ರರಿಯಿಂದ ಬರಿಗೈಲಿ ಹೊರಗೆ ಬಂದ್ರೆ ನೋಡಿದೋರು ಏನಂದ್ಕೋತಾರೆ?"

ಯಂತ್ರ ಬಂದ ಮೊದಲ ಗುರುವಾರ ಅವರು ಪರದೆಯ ಮುಂದೆ ನಿಂತಿದ್ದರಂತೆ. ಅದು ಏನೋ ಕೇಳಿತು. ಅವರು ಉತ್ತರಿಸಲಿಲ್ಲ. ಅದು ಮತ್ತೆ ಕೇಳಿತು. ಹಿಂದೆ ನಿಂತಿದ್ದ ಯಾರೋ "ಸ್ವಲ್ಪ ಬೇಗ ಮುಗಿಸ್ತೀರಾ?" ಎಂದರು. ಪುಸ್ತಕಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದರು.

ಬಾಗಿಲವರೆಗೆ ಬಂದು ನನ್ನನ್ನು ಕಳಿಸಿಕೊಡುವಾಗ ತೌನೋ ಹೇಳಿದರು: "ಹಿಲ್ಕಾ ಕಥೆ ಅರ್ಧಕ್ಕೆ ನಿಲ್ಲಿಸ್ತಿದ್ಲು, ಮುಂದಿನ ವಾರ ಬಾ ಅಂತ. ಹಡಗು ಮಂಜುಗಡ್ಡೆಗೆ ಸಿಕ್ಕಿಹಾಕ್ಕೊಂಡಿತ್ತು. ಆ ಕ್ಯಾಪ್ಟನ್ ಬದುಕಿದ್ನಾ ಇಲ್ವಾ ಅಂತ ಏಳು ವಾರದಿಂದ ಯೋಚ್ನೆ ಮಾಡ್ತಾ ಇದೀನಿ. ನಿನಗೆ ಗೊತ್ತಾ?"

ನಾನು ಆ ಪುಸ್ತಕ ಓದಿರಲಿಲ್ಲ.

ಸಭಿಕರೇ, ಆಗ ನಾನು ಏನು ಮಾಡಿದೆ? ಇನ್ನೊಂದು ಯಂತ್ರ ಕೊಟ್ಟೆ. ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನ, ಒಂದೇ ಗುಂಡಿ. ಎರಡು ವಾರದಲ್ಲಿ ತೌನೋ ಅದನ್ನು ವಾಪಸು ತಂದರು. "ಇದನ್ನ ನಾನು ಏನಾದ್ರೂ ಕೇಳಿದ್ರೆ ನಿಲ್ಲಲ್ಲ. ತನ್ನ ಪಾಡಿಗೆ ಹೇಳ್ತಾ ಹೋಗುತ್ತೆ, ನಮ್ಮ ಪಾದ್ರಿ ಥರ." ಈಗಿನ ಪಾದ್ರಿಗಳು ಆಗ ಇನ್ನೂ ಈ ಊರಿಗೆ ಬಂದಿರಲಿಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ.

ನಾನು ಹಿಲ್ಕಾ ಅವರ ಬಳಿ ಹೋದೆ. ಅಷ್ಟರಲ್ಲಿ ಅವರು ಅವಧಿಗೆ ಮೊದಲೇ ನಿವೃತ್ತಿ ಕೇಳಿ ಅರ್ಜಿ ಕೊಟ್ಟಿದ್ದರು. ಗುರುವಾರ ಒಂದು ಗಂಟೆ ಹೊತ್ತು ಕೌಂಟರಿನಲ್ಲಿ ಕೂರುತ್ತೀರಾ ಎಂದು ಕೇಳಿದೆ.

"ಕೌಂಟರ್ ಎಲ್ಲಿದೆ?" ಎಂದರು.

ಅದರ ಮೇಲೆ ಈಗ ಪಿಜ್ಜಾ ಕತ್ತರಿಸುತ್ತಿದ್ದರು. ಹಿಲ್ಕಾ ಪತ್ರಿಕೆಗಳ ಮೇಜಿನ ಬಳಿ ಕುರ್ಚಿ ಎಳೆದುಕೊಂಡರು. ಕ್ಯಾಪ್ಟನ್ ಬದುಕಿದ. ಮುಂದಿನ ಗುರುವಾರ ಬೇರೆ ಕಥೆ ಶುರುವಾಯಿತು. ಪತ್ರಿಕೆ ಓದಲು ಬಂದವರು ಪತ್ರಿಕೆಯನ್ನು ತಗ್ಗಿಸಿ ಕೇಳತೊಡಗಿದರು. ಬೆಳಗಿನ ದಾದಿ ಕಥೆಗಾಗಿ ನಿದ್ದೆಗೆಟ್ಟು ಉಳಿದಳು. ಉಕ್ರೇನಿನಿಂದ ಬಂದ ಒಬ್ಬ ತಾಯಿ ನಮ್ಮ ಭಾಷೆ ಕಲಿಯಲು ಬಂದು ಕುಳಿತರು. ಈಗ ಹದಿನಾಲ್ಕು ಜನ. ನಿವೃತ್ತಿಯಾದ ಮೇಲೂ ಹಿಲ್ಕಾ ಒಂದು ಗುರುವಾರವನ್ನೂ ತಪ್ಪಿಸಿಲ್ಲ.

ತೌನೋ ಓದಲು ಕಲಿತರೇ ಎಂದು ನೀವು ಕೇಳಬಹುದು. ಇಲ್ಲ. ತಮ್ಮ ಹೆಸರು, ನಾಲ್ಕು ಅಂಕಿ, ಕೆಲವು ಪುಸ್ತಕಗಳ ಬೆನ್ನು ಗುರುತಿಸುತ್ತಾರೆ. ಸಾಕು ಎನ್ನುತ್ತಾರೆ. ಅವರು ಇಲ್ಲೇ ಬಾಗಿಲ ಬಳಿ ಕುಳಿತಿದ್ದಾರೆ. ಹೆಸರು ಹೇಳಬಹುದೇ ಎಂದು ಮೊನ್ನೆ ಕೇಳಿದೆ. "ಹೇಳು ಪರವಾಗಿಲ್ಲ. ಊರಲ್ಲಿ ಗೊತ್ತಿಲ್ದೇ ಇದ್ದೋಳು ನೀನೊಬ್ಳೇ" ಎಂದರು.

ಈ ಓದಿನ ಗಂಟೆಯ ಬಗ್ಗೆ ನಾನು ತಾಂಪೆರೆ ನಗರದ ಗ್ರಂಥಪಾಲಕರ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದೆ. ಪ್ರಶಸ್ತಿಪತ್ರ ಬಂತು, ಅಧ್ಯಕ್ಷರು ಈಗತಾನೇ ಅದನ್ನು ಪ್ರಸ್ತಾಪಿಸಿದರು. ಆ ಪ್ರಬಂಧದಲ್ಲಿ ಹಿಲ್ಕಾ ಅವರ ಹೆಸರಿಲ್ಲ. ಸ್ಲೈಡಿನಲ್ಲಿ ಜಾಗ ಇರಲಿಲ್ಲ ಎಂದು ನಾನು ಹಲವು ವರ್ಷ ಹೇಳಿಕೊಂಡೆ. ಜಾಗ ಇತ್ತು.

ಇನ್ನೊಂದು ವಿಷಯ. ವಾರದಲ್ಲಿ ನಾಲ್ಕು ದಿನ ಗ್ರಂಥಾಲಯದಲ್ಲಿ ಸಿಬ್ಬಂದಿಯೇ ಇರದಂತೆ ಮಾಡುವ ಯೋಜನೆ ಸೋಮವಾರದ ಸಭೆಗೆ ಬರಲಿದೆ. ಮಾರ್ಚ್ ತಿಂಗಳಲ್ಲಿ ಅದನ್ನು ಬರೆದವಳು ನಾನೇ. ಚೆನ್ನಾಗಿ ಬರೆದಿದ್ದೇನೆ, ಆದ್ದರಿಂದಲೇ ಅದು ಅಪಾಯಕಾರಿ. ಅದನ್ನು ಹಿಂತೆಗೆದುಕೊಳ್ಳುವ ಪತ್ರ ನಿನ್ನೆ ಅಧ್ಯಕ್ಷರ ಮೇಜನ್ನು ತಲುಪಿದೆ. ಯಂತ್ರ ಇರಲಿ, ಅದರ ಪಕ್ಕದಲ್ಲಿ ಒಂದು ಕುರ್ಚಿ ಇರಲಿ, ಕುರ್ಚಿಯಲ್ಲಿ ಸಂಬಳ ಪಡೆಯುವ ಒಬ್ಬ ಮನುಷ್ಯ ಇರಲಿ ಎಂದು ಬರೆದಿದ್ದೇನೆ. ಏನಾಗುತ್ತದೋ ನನಗೆ ಗೊತ್ತಿಲ್ಲ.

ಹಿಲ್ಕಾ ಇಂದು ಬಂದಿಲ್ಲ. ಸಭೆಗಳಲ್ಲಿ ಕೊಡುವ ಕಾಫಿ ನೀರಾಗಿರುತ್ತದೆ ಎಂದರು. ಆಹ್ವಾನಿಸಲು ನಾನು ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಕುಳಿತು, ಕೌಂಟರಿನ ವಿಷಯ, ಸೂಚನೆಯ ವಿಷಯ, ಪ್ರಬಂಧದ ವಿಷಯ, ಮೂರಕ್ಕೂ ಕ್ಷಮೆ ಕೇಳಿದೆ. ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಓದಿ ಹೇಳಿದೆ.

ಅವರು ಒಲೆಯ ಕಡೆಗೆ ತಿರುಗಿಕೊಂಡೇ ಕೇಳಿಸಿಕೊಂಡರು. "ಹನ್ನೊಂದು ವರ್ಷ ತಡವಾಗಿ ವಾಪಸ್ ತಂದಿದೀಯ. ದಂಡ ಎಷ್ಟಾಗುತ್ತೆ ಗೊತ್ತಾ?" ಎಂದರು.

"ದಂಡ ಹಾಕೋದನ್ನ ನಿಲ್ಲಿಸಿದೀವಿ, ಹಿಲ್ಕಾ. ಮೂರು ವರ್ಷ ಆಯ್ತು."

"ಹೌದಾ. ಯಾರು ನಿಲ್ಲಿಸಿದ್ದು?"

"ನಾನೇ."

ಅವರು ನನ್ನ ಲೋಟಕ್ಕೆ ಕಾಫಿ ಹಾಕಿದರು. "ಅದೊಂದು ಒಳ್ಳೇ ಕೆಲಸ ಮಾಡಿದೀಯ" ಎಂದರು.

ಕಾಫಿ ಗಟ್ಟಿಯಾಗಿತ್ತು. ಹದಿನೈದು ನಿಮಿಷ ಮುಗಿದಿದೆ. ಕೇಳಿಸಿಕೊಂಡ ನಿಮಗೂ, ನಲವತ್ತು ವರ್ಷ ಸಹಿಸಿಕೊಂಡ ಈ ಊರಿಗೂ ನನ್ನ ಧನ್ಯವಾದಗಳು. ನಮಸ್ಕಾರ.